ಮಾಣಿಯ ಮಳೆ ಬಿಟ್ಟು

ನಿನ್ನೆ ಬೆಳಿಗ್ಗೆ ಕಾವಲಿಗೆ ದೋಸೆ ಹುಯ್ದು ಮುಚ್ಚಳ ಮುಚ್ಚುವಷ್ಟರಲ್ಲಿ ಫೋನ್ ಟಿಂಗ್ ಅಂದಿತು. ಮಗಳು ಏನೋ ಕಳಿಸಿರಬೇಕು ಅಂತ ಹಿಟ್ಟಿನ ಕೈಯಲ್ಲೇ ತೆಗೆದು ನೋಡಿದರೆ, ಅಳುತ್ತಿರುವ ಒಂದು ನೀರಿನ ಹನಿ. ಅದರ ಕೆಳಗೆ, ‘ಅಯ್ಯೋ! ನಿಮ್ಮ 19 ದಿನದ ಸರಪಳಿ ತುಂಡಾಯಿತು. ಮತ್ತೆ ಒಂದರಿಂದ ಶುರು ಮಾಡೋಣವೇ?’ ಅಷ್ಟು ಓದುವಷ್ಟರಲ್ಲಿ ದೋಸೆ ಸೀದಿತ್ತು.

ಹಿಂದಿನ ದಿನ ನಾನು ಎಂಟು ಲೋಟ ನೀರಿಗೆ ಏಳೇ ಕುಡಿದಿದ್ದೆನಂತೆ. ಎರಡು ಸಲ ಕಾಫಿ, ಊಟಕ್ಕೆ ಸಾರು, ಮೇಲೆ ಒಂದು ಚೊಂಬು ಮಜ್ಜಿಗೆ, ಇದ್ಯಾವುದೂ ಅದರ ಲೆಕ್ಕಕ್ಕಿಲ್ಲ.

ಈ ಆ್ಯಪ್ ಹಾಕಿಕೊಟ್ಟವಳು ಮಗಳು. ‘ಸುಮ್ನೆ 21 ದಿನ ಮಾಡಪ್ಪಾ, ಆಮೇಲೆ ತಾನಾಗೇ ಅಭ್ಯಾಸ ಆಗತ್ತೆ’ ಅಂದಿದ್ದಳು. ನೀರು, ನಡಿಗೆ, ಮಲಗುವ ಮುಂಚೆ ಮೂರು ಸಾಲು ಕೃತಜ್ಞತೆ. ಈ ಕೃತಜ್ಞತೆಯದ್ದೇ ದೊಡ್ಡ ಕಾಟ. ಮೊದಲ ದಿನ ಅಪ್ಪ, ಅಮ್ಮ, ಗುರುಗಳು ಅಂತ ಬರೆದೆ. ಹತ್ತನೇ ದಿನಕ್ಕೆ ಸರಕು ಮುಗಿಯಿತು. ‘ನಲ್ಲಿಯಲ್ಲಿ ನೀರು ಬಂತು. ಕರೆಂಟ್ ಇತ್ತು. ನೆಂಟರು ಬರಲಿಲ್ಲ’ ಎಂದು ಬರೆದು ಮಲಗಿದೆ.

ಇನ್ನು ಆ 21ರ ಕಥೆ. 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್, ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ಒಗ್ಗುವುದಕ್ಕೆ ಕಡಿಮೆ ಅಂದರೂ 21 ದಿನ ಬೇಕು ಎಂದು ಬರೆದರು. ‘ಕಡಿಮೆ ಅಂದರೂ’ ಎನ್ನುವುದು ದಾರಿಯಲ್ಲಿ ಎಲ್ಲೋ ಬಿದ್ದುಹೋಯಿತು. ಮೂಗು ಸರಿಮಾಡಿಸಿಕೊಂಡವರ ಲೆಕ್ಕವನ್ನು ತಂದು ನನ್ನ ನೀರಿನ ಲೋಟಕ್ಕೆ ಅಂಟಿಸಿದ್ದಾರೆ. ಲಂಡನ್ನಿನಲ್ಲಿ 96 ಜನರನ್ನು ಇಟ್ಟುಕೊಂಡು ನಿಜವಾಗಿಯೂ ಅಳೆದು ನೋಡಿದಾಗ ಸರಾಸರಿ 66 ದಿನ ಬಂತು. ಒಬ್ಬರಿಗೆ 18, ಇನ್ನೊಬ್ಬರಿಗೆ 254. ನಡುವೆ ಒಂದು ದಿನ ತಪ್ಪಿದರೆ ಅಂಥ ನಷ್ಟವೇನಿಲ್ಲ ಅಂತಲೂ ಅವರೇ ಹೇಳಿದ್ದಾರೆ. ಆ ಅಳುವ ಹನಿಗೆ ಯಾರಾದರೂ ಇದನ್ನು ಓದಿ ಹೇಳಬೇಕು.

ಅಭ್ಯಾಸದ ನಿಜವಾದ ಗುಟ್ಟು ಏನು ಅಂತ ನನಗೆ ಗೊತ್ತಿದೆ, ಹೇಳುತ್ತೇನೆ. ಅದಕ್ಕೆ ಮುಂಚೆ ದೊಡ್ಡಪ್ಪನ ರೇನ್‌ಗೇಜ್, ಅಂದರೆ ಮಳೆ ಅಳೆಯುವ ಸಾಧನದ ವಿಷಯ ಹೇಳಿಬಿಡಬೇಕು.

ಕೊಪ್ಪದ ಕಡೆ ಅವರ ತೋಟ. ಅಂಗಳದಾಚೆ ಒಂದು ಕಟ್ಟೆ, ಅದರ ಮೇಲೆ ಆಲಿಕೆ, ಒಳಗೊಂದು ಬಾಟಲಿ. ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ದೊಡ್ಡಪ್ಪ ಕೊಡೆ ಹಿಡಿದು ಹೋಗಿ ನೀರನ್ನು ಅಳತೆ ಗ್ಲಾಸಿಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಎತ್ತಿ, ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಹವಾಮಾನ ಇಲಾಖೆಯವರು ಅಳೆಯುವುದೂ ಎಂಟೂವರೆಗೇ. ಆಮೇಲೆ ಗೊಬ್ಬರದ ಅಂಗಡಿಯವರು ಪುಕ್ಕಟೆ ಕೊಟ್ಟ ಡೈರಿಯಲ್ಲಿ ಬರೆಯುವುದು. ಕಾಫಿ ತೋಟದವರ ಲೆಕ್ಕ ಇಂಚು ಮತ್ತು ಸೆಂಟ್‌ನಲ್ಲಿ. ಒಂದು ಇಂಚಿಗೆ ನೂರು ಸೆಂಟ್. ಜನವರಿಯಲ್ಲೂ ಅಷ್ಟೇ, ಒಣಗಿದ ಬಾಟಲಿಯನ್ನು ಎತ್ತಿ ನೋಡಿ, ವಾಪಸ್ ಇಟ್ಟು, ಡೈರಿಯಲ್ಲಿ ‘ಇಲ್ಲ’ ಎಂದು ಬರೆಯುತ್ತಿದ್ದರು. 31 ದಿನ, 31 ‘ಇಲ್ಲ’. ಒಂದೇ ಸಲ ಗೆರೆ ಎಳೆದುಬಿಡಬಹುದಲ್ಲ ಅಂದಿದ್ದಕ್ಕೆ, ‘ನೋಡದೆ ಹೇಗೆ ಬರೆಯೋದು?’ ಎಂದಿದ್ದರು.

ಎಂಟೂ ಮುಕ್ಕಾಲಿಗೆ ಫೋನ್. ಆಚೆ ತೋಟದ ಗೌಡರು. ನಮಸ್ಕಾರ ಗಿಮಸ್ಕಾರ ಏನೂ ಇಲ್ಲ.

‘ಎಷ್ಟಾಯ್ತು?’

‘ಎರಡು ಮೂವತ್ತು. ನಿಮ್ದು?’

‘ಎರಡು ಅರವತ್ತು.’

ಅಷ್ಟಕ್ಕೇ ದೊಡ್ಡಪ್ಪನ ಮುಖ ಗಂಟಾಗುತ್ತಿತ್ತು. ಮಾರ್ಚಿನ ಹೂಮಳೆಯಾದರೆ ಸರಿ, ಅದು ಬಿದ್ದರೆ ಕಾಫಿ ಹೂವಾಗುತ್ತದೆ, ಅರೆಬರೆ ಬಿದ್ದರೆ ಮೊಗ್ಗೇ ಹಾಳು. ಅದಕ್ಕೆ ಹೊಟ್ಟೆಕಿಚ್ಚು ಪಟ್ಟರೂ ಅರ್ಥವಿದೆ. ಇವರು ಆರಿದ್ರಾ ಮಳೆ ಗಟ್ಟದ ಮೇಲೆ ಆರದೆ ಹುಯ್ಯುವಾಗಲೂ ಪಡುತ್ತಿದ್ದರು! ಗೌಡರ ಆಲಿಕೆಗೆ ಹಲಸಿನ ಮರದ ತೊಟಕು ನೀರು ಬೀಳುತ್ತದೆ ಎನ್ನುವುದು ಇವರ ಗುಮಾನಿ. ಒಮ್ಮೆ ಸತ್ಯನಾರಾಯಣ ಪೂಜೆಯ ಊಟಕ್ಕೆ ಹೋದವರು ಕೈ ತೊಳೆಯುವ ನೆಪದಲ್ಲಿ ಆ ಮರದಿಂದ ಆಲಿಕೆಗೆ ಎಷ್ಟು ದೂರ ಅಂತ ಹೆಜ್ಜೆ ಹಾಕಿ ಅಳೆದು ಬಂದಿದ್ದರು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಜೂನ್ ತಿಂಗಳಲ್ಲಿ ದೊಡ್ಡಪ್ಪ ಮದುವೆಗೆಂದು ಶಿವಮೊಗ್ಗಕ್ಕೆ ಹೊರಟರು. ‘ಮಾಣಿ, ಎಂಟೂವರೆ. ನೆನಪಿರಲಿ’ ಅಂತ ಮೂರು ಸಲ ಹೇಳಿದರು. ನೆನಪಿತ್ತು. ಸರಿಯಾಗಿ ಎಂಟೂವರೆಗೆ ಬಾಟಲಿ ತೆಗೆದೆ. ಕಟ್ಟೆ ತುಂಬ ಪಾಚಿ. ಕಾಲು ಜಾರಿತು, ನಾನು ಒಂದು ಕಡೆ, ಬಾಟಲಿ ಒಂದು ಕಡೆ. ಒಂದು ದಿನದ ಮಳೆಯೆಲ್ಲ ಅಂಗಳದ ನೀರಿನ ಜೊತೆ ಹೊಳೆಯ ಕಡೆ ಹೋಯಿತು. ಹಿಂದಿನ ದಿನದ್ದು ನೋಡಿದೆ, 1 ಇಂಚು 90 ಸೆಂಟ್ ಇತ್ತು. ಅದೇ ಬರೆದರೆ ಸಿಕ್ಕಿಬೀಳುತ್ತೇನೆ ಅಂತ ಜಾಣತನ ಮಾಡಿ 1 ಇಂಚು 85 ಸೆಂಟ್ ಎಂದು ದುಂಡಗೆ ಬರೆದಿಟ್ಟೆ.

ಮಾರನೆಯ ದಿನ ದೊಡ್ಡಪ್ಪ ಬಂದವರೇ ಬಟ್ಟೆಯನ್ನೂ ಬದಲಿಸದೆ ಗೌಡರಿಗೆ ಫೋನ್ ಮಾಡಿದರು. ಗೌಡರ ಕಡೆ 4 ಇಂಚು 10 ಸೆಂಟ್. ಹಲಸಿನ ಮರ ಎಷ್ಟು ತೊಟಕಿದರೂ ಅಷ್ಟೊಂದು ತೊಟಕುವುದಿಲ್ಲ. ದೊಡ್ಡಪ್ಪ ಡೈರಿ ನೋಡಿದರು. ನನ್ನ ಮೊಣಕೈಯ ತರಚುಗಾಯ ನೋಡಿದರು. ಬೈಯಲಿಲ್ಲ. ಪೆನ್ಸಿಲ್ ತೆಗೆದು ನನ್ನ ಅಂಕಿಯ ಪಕ್ಕ ಸಣ್ಣದೊಂದು ಪ್ರಶ್ನೆ ಚಿಹ್ನೆ ಹಾಕಿದರು, ಅಷ್ಟೆ.

ಡಿಸೆಂಬರ್ 31ಕ್ಕೆ ಕೂಡಿಸಿ ಬರೆದರು: ‘ಒಟ್ಟು 118 ಇಂಚು 40 ಸೆಂಟ್, ಮಾಣಿಯ ಮಳೆ ಬಿಟ್ಟು.’ ನನ್ನ ಮದುವೆಯಾದ ಮೇಲೂ ಯಾರಾದರೂ ಆ ವರ್ಷದ ಮಳೆ ಕೇಳಿದರೆ ಹಾಗೇ ಹೇಳುತ್ತಿದ್ದರು, ನನ್ನ ಹೆಂಡತಿಯ ಎದುರಿಗೇ.

ಅವರಿಗೆ ಯಾರೂ ಟಿಂಗ್ ಅನ್ನಲಿಲ್ಲ. ನೂರು ದಿನ ಆಯ್ತು, ಭೇಷ್ ಅಂತ ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಿದ್ದರೆ ಅಟ್ಟಿಸಿಕೊಂಡು ಹೋಗುತ್ತಿದ್ದರು. ಈಗಿನವರಿಗೆ ಒಂದು ಲೋಟ ನೀರು ಕುಡಿದರೂ ಬೆನ್ನು ತಟ್ಟಬೇಕು. ಬಾಯಾರಿಕೆ ಅಂತ ಒಂದು ಇದೆ ಎನ್ನುವುದೇ ಮರೆತುಹೋಗಿದೆ.

ಇಷ್ಟೆಲ್ಲ ಬೈದುಕೊಂಡರೂ ನಾನು ಆ್ಯಪ್ ತೆಗೆದುಹಾಕಿಲ್ಲ. ಮಗಳು ಭಾನುವಾರ ಬಂದು ನೋಡುತ್ತಾಳೆ. ರಾತ್ರಿ ಹತ್ತಕ್ಕೆ ಮತ್ತೆ ಟಿಂಗ್. ‘ಇವತ್ತು ಎಷ್ಟು ಲೋಟ?’ ಐದೋ ಆರೋ ಇರಬಹುದು. ಎಂಟು ಒತ್ತಿದೆ. ಹನಿ ನಕ್ಕಿತು, ಪರದೆ ತುಂಬ ಬಣ್ಣದ ಚೂರುಗಳ ಮಳೆ.

ಒಂದು ಎಂಬತ್ತೈದು ಬಿದ್ದಿರಬೇಕು.