ಸ್ವಿಚ್ 2 ತನ್ನ ಅಣ್ಣನನ್ನು ಸರಿಗಟ್ಟೀತೇ?

ಜಪಾನಿನ ಕ್ಯೋಟೊ ನಗರದ ನಿಂಟೆಂಡೊ ಕಂಪನಿ 2017ರ ಮಾರ್ಚ್ 3ರಂದು ಬಿಡುಗಡೆ ಮಾಡಿದ ಸ್ವಿಚ್ ಎಂಬ ಗೇಮ್ ಕನ್ಸೋಲ್ (ವಿಡಿಯೊ ಗೇಮ್ ಆಡುವ ಯಂತ್ರ) 2025ರ ಕೊನೆಯ ಹೊತ್ತಿಗೆ 15 ಕೋಟಿ 53 ಲಕ್ಷ ಮಾರಾಟವಾಗಿತ್ತು. ಅದೇ ಕಂಪನಿಯ ಡಿಎಸ್ ಯಂತ್ರ 15 ಕೋಟಿ 40 ಲಕ್ಷದಲ್ಲಿ ನಿಲ್ಲಿಸಿದ್ದ ದಾಖಲೆ ಹೀಗೆ ಮುರಿಯಿತು. ಇನ್ನು ಸ್ವಿಚ್‌ಗಿಂತ ಮುಂದಿರುವುದು 16 ಕೋಟಿ ದಾಟಿದ ಸೋನಿಯ ಪ್ಲೇಸ್ಟೇಷನ್ 2 (ಪಿಎಸ್2) ಒಂದೇ. ಈ ನಡುವೆ 2025ರ ಜೂನ್ 5ರಂದು ಸ್ವಿಚ್ 2 ಮಾರುಕಟ್ಟೆಗೆ ಬಂದಿದೆ. ಅಣ್ಣ ಮಾರಾಟವಾದಷ್ಟು ತಮ್ಮನೂ ಮಾರಾಟವಾದಾನೇ ಎಂಬುದು ಪ್ರಶ್ನೆ. ಎರಡೂ ಕಡೆಯ ವಕಾಲತ್ತನ್ನು ಇಲ್ಲಿ ನಾನೇ ವಹಿಸಿದ್ದೇನೆ. ತಕ್ಕಡಿ ಒಂದು ಬದಿಗೆ ತುಸು ವಾಲಿದಂತೆ ಕಂಡರೆ ಅದು ಕೈತಪ್ಪಿ ಆದದ್ದಲ್ಲ.

ಪರ: ಸರಿಗಟ್ಟುತ್ತದೆ

ಮೊದಲ ನಾಲ್ಕು ದಿನಗಳಲ್ಲಿ 35 ಲಕ್ಷ ಸ್ವಿಚ್ 2 ಖರ್ಚಾದವು. ನಿಂಟೆಂಡೊದ ಯಾವ ಯಂತ್ರವೂ ಇಷ್ಟು ವೇಗವಾಗಿ ಹೋಗಿರಲಿಲ್ಲ. ಹಳೆಯ ಸ್ವಿಚ್ ತನ್ನ ಮೊದಲ ಹದಿಮೂರು ತಿಂಗಳಲ್ಲಿ 1 ಕೋಟಿ 77 ಲಕ್ಷ ಮಾರಾಟವಾಗಿತ್ತು. ಹೊಸದು ಏಳೇ ತಿಂಗಳಲ್ಲಿ, ಅಂದರೆ 2025ರ ಡಿಸೆಂಬರ್ ಕೊನೆಗೆ, 1 ಕೋಟಿ 73 ಲಕ್ಷ ಮುಟ್ಟಿದೆ. 2026ರ ಮಾರ್ಚ್‌ವರೆಗಿನ ಆರ್ಥಿಕ ವರ್ಷಕ್ಕೆ ಒಂದೂವರೆ ಕೋಟಿ ಎಂದು ಗುರಿ ಇಟ್ಟುಕೊಂಡಿದ್ದ ಕಂಪನಿ ಅದನ್ನು ನವೆಂಬರ್‌ನಲ್ಲಿ 1 ಕೋಟಿ 90 ಲಕ್ಷಕ್ಕೆ ಏರಿಸಬೇಕಾಯಿತು.

ಬೇಡಿಕೆ ಎಷ್ಟರ ಮಟ್ಟಿಗೆ ಇತ್ತೆಂದು ತಿಳಿಯಬೇಕಾದರೆ ಜಪಾನಿನ ಚೀಟಿ ಎತ್ತುವ ಪ್ರಸಂಗವನ್ನು ನೋಡಬೇಕು. ನಿಂಟೆಂಡೊ ತನ್ನದೇ ಆನ್‌ಲೈನ್ ಮಳಿಗೆಯಲ್ಲಿ ಯಂತ್ರವನ್ನು ಲಾಟರಿಯ ಮೂಲಕ ಕೊಡಲು ಹೊರಟಿತು. ಅರ್ಜಿ ಹಾಕುವವರು 2025ರ ಫೆಬ್ರುವರಿ ಕೊನೆಯೊಳಗೆ ಹಳೆಯ ಸ್ವಿಚ್‌ನಲ್ಲಿ ಕಡಿಮೆಯೆಂದರೂ 50 ಗಂಟೆ ಆಡಿರಬೇಕು. ಡೆಮೊ ಆಟ, ಪುಕ್ಕಟೆ ಆಟಗಳಲ್ಲಿ ಕಳೆದ ಹೊತ್ತು ಲೆಕ್ಕಕ್ಕಿಲ್ಲ. ಮೇಲಾಗಿ ಕಂಪನಿಯ ಆನ್‌ಲೈನ್ ಸೇವೆಗೆ ಒಟ್ಟು ಒಂದು ವರ್ಷದ ಚಂದಾ ಕಟ್ಟಿರಬೇಕು. ಕಾಳಸಂತೆಯವರನ್ನು ದೂರವಿಡಲು ಹಿಡಿದ ಜರಡಿ ಇದು. ಇಷ್ಟು ಸೋಸಿದ ಮೇಲೂ ಜಪಾನ್ ಒಂದರಿಂದಲೇ 22 ಲಕ್ಷ ಅರ್ಜಿಗಳು ಬಂದವು. ಬಹಳಷ್ಟು ಜನರಿಗೆ ಮೊದಲ ಸುತ್ತಿನಲ್ಲಿ ಸಿಗುವುದಿಲ್ಲವೆಂದು ಅಧ್ಯಕ್ಷ ಶುಂಟಾರೊ ಫುರುಕಾವ ಕ್ಷಮೆ ಕೇಳಿದರು. ಕೊಳ್ಳುವವರ ಹಸಿವಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಆದರೆ ಇತಿಹಾಸ ಬೇರೆಯೇ ಹೇಳುತ್ತದಲ್ಲ, ದಾಖಲೆ ಬರೆದ ಯಂತ್ರದ ಹಿಂದೆ ಬಂದದ್ದು ಮುಗ್ಗರಿಸುತ್ತದಲ್ಲ ಎಂದು ಕೇಳುವವರಿದ್ದಾರೆ. ಮುಗ್ಗರಿಸಿದ್ದು ನಿಜ. ಆದರೆ ಒಂದೊಂದಕ್ಕೂ ಅದರದೇ ಕಾರಣವಿತ್ತು. ನಿಂಟೆಂಡೊದ ವೀ ಯಂತ್ರ 10 ಕೋಟಿ 16 ಲಕ್ಷ ಮಾರಾಟವಾದರೆ ಅದರ ನಂತರ 2012ರಲ್ಲಿ ಬಂದ ವೀ ಯು 1 ಕೋಟಿ 35 ಲಕ್ಷಕ್ಕೇ ನೆಲ ಕಚ್ಚಿತು. ಮೊದಲ ಪ್ರದರ್ಶನದಲ್ಲಿ ಕಂಪನಿ ತೋರಿಸಿದ್ದೆಲ್ಲ ಪರದೆಯುಳ್ಳ ನಿಯಂತ್ರಕವನ್ನೇ. ಜನ ಅದನ್ನು ಹೊಸ ಕನ್ಸೋಲ್ ಎಂದುಕೊಳ್ಳಲಿಲ್ಲ. ಮನೆಯಲ್ಲಿರುವ ವೀಗೆ ಜೋಡಿಸುವ ಬಿಡಿಭಾಗ ಎಂದು ಭಾವಿಸಿ ಸುಮ್ಮನಾದರು. ಡಿಎಸ್ ನಂತರ ಬಂದ 3ಡಿಎಸ್‌ನದು ಬೆಲೆಯ ಪೆಟ್ಟು. 2011ರ ಫೆಬ್ರುವರಿಯಲ್ಲಿ 25,000 ಯೆನ್‌ಗೆ ಬಂದದ್ದು ಆರು ತಿಂಗಳು ತುಂಬುವ ಮೊದಲೇ 15,000ಕ್ಕೆ ಇಳಿಯಿತು. ಮೊದಲೇ ದುಡ್ಡು ಕೊಟ್ಟವರ ಸಿಟ್ಟು ತಣಿಸಲು ಇಪ್ಪತ್ತು ಹಳೆಯ ಆಟಗಳನ್ನು ಪುಕ್ಕಟೆ ಹಂಚಿದರು. ಆಗಿನ ಅಧ್ಯಕ್ಷ ಸತೋರು ಇವಾಟ ತಮ್ಮ ಸಂಬಳವನ್ನು ಅರ್ಧಕ್ಕೆ ಇಳಿಸಿಕೊಂಡರು. ಪ್ಲೇಸ್ಟೇಷನ್ 3 ಅಮೆರಿಕದಲ್ಲಿ 599 ಡಾಲರ್‌ವರೆಗಿನ ಬೆಲೆ ಹೊತ್ತು ಬಂತು. ಅದರ ಪ್ರೊಸೆಸರ್‌ಗೆ ಆಟ ಬರೆಯುವುದು ಪಳಗಿದವರಿಗೂ ತಲೆನೋವಾಗಿತ್ತು. ಸಾಲದ್ದಕ್ಕೆ, ಪಿಎಸ್2 ಆಟಗಳನ್ನು ಓಡಿಸುವ ಸೌಲಭ್ಯವನ್ನು ಮುಂದಿನ ಮಾದರಿಗಳಿಂದ ಕಿತ್ತುಹಾಕಿದರು.

ಈ ತಪ್ಪುಗಳಲ್ಲಿ ಯಾವುದನ್ನು ಸ್ವಿಚ್ 2 ಮಾಡಿದೆ? ಹೆಸರಿನ ಮುಂದೆ ಎರಡು ಎಂಬ ಅಂಕಿ ಇದೆ, ಮಗುವಿಗೂ ಅರ್ಥವಾಗುತ್ತದೆ. ಹಳೆಯ ಆಟಗಳು ಬಹುತೇಕ ಎಲ್ಲವೂ ಇದರಲ್ಲಿ ಓಡುತ್ತವೆ. ವರ್ಷಕ್ಕೆ 10 ಕೋಟಿಗೂ ಹೆಚ್ಚು ಜನ ಆಡುವ ಯಂತ್ರ ಸ್ವಿಚ್. ಅವರ ಖಾತೆ, ಕೊಂಡ ಆಟ, ಉಳಿಸಿಟ್ಟ ಹಂತ ಎಲ್ಲವೂ ಹೊಸದಕ್ಕೆ ಬರುತ್ತವೆ. ಹಿಂದೆ ನಿಂಟೆಂಡೊ ಗಿರಾಕಿಗಳನ್ನು ಪ್ರತಿ ಪೀಳಿಗೆಯಲ್ಲೂ ಹೊಸದಾಗಿ ಒಲಿಸಿಕೊಳ್ಳಬೇಕಿತ್ತು. ಈಗ ಅವರು ಎದ್ದು ಹೋಗಬೇಕಾದರೆ ಗಂಟುಮೂಟೆ ಬಿಟ್ಟು ಹೋಗಬೇಕು.

ಇನ್ನೊಂದು ಮಾತು ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. 2017ರ ಮೊದಲು ನಿಂಟೆಂಡೊ ಎರಡು ಅಂಗಡಿ ನಡೆಸುತ್ತಿತ್ತು: ಕೈಯಲ್ಲಿ ಹಿಡಿಯುವ ಯಂತ್ರ ಒಂದು, ಟಿವಿಗೆ ಜೋಡಿಸುವ ಯಂತ್ರ ಇನ್ನೊಂದು. ಡಿಎಸ್ ಮತ್ತು ವೀ ಸೇರಿ 25 ಕೋಟಿ ದಾಟಿದ್ದವು. 3ಡಿಎಸ್ ಮತ್ತು ವೀ ಯು ಸೇರಿದರೂ 9 ಕೋಟಿ ಮುಟ್ಟಲಿಲ್ಲ. ಆಟ ತಯಾರಕರ ಶಕ್ತಿ ಎರಡು ಕಡೆ ಹಂಚಿ ಹೋಗಿ, ಎರಡೂ ಕಡೆ ಆಟಗಳ ಬರ ಬಿತ್ತು. ಈ ಎರಡೂ ಬಗೆಯನ್ನು ಸ್ವಿಚ್ ಒಂದು ಮಾಡಿದ್ದರಿಂದಲೇ ಕಂಪನಿ ಚೇತರಿಸಿಕೊಂಡದ್ದು. ಅದರ ಗೆಲುವು ಒಂದು ಸಲದ ಅದೃಷ್ಟವಾಗಿರಲಿಲ್ಲ, ವ್ಯವಸ್ಥೆಯ ಬದಲಾವಣೆಯಾಗಿತ್ತು. ಆ ವ್ಯವಸ್ಥೆ ಸ್ವಿಚ್ 2ರಲ್ಲೂ ಹಾಗೇ ಮುಂದುವರಿದಿದೆ.

ಇಂಥ ಸಾಧನೆಗೆ ಪೂರ್ವನಿದರ್ಶನವೂ ಇದೆ. ಮೊದಲ ಪ್ಲೇಸ್ಟೇಷನ್ 10 ಕೋಟಿ ದಾಟಿದ ಮೇಲೆ ಬಂದ ಪಿಎಸ್2 ಅದನ್ನು ಮೀರಿಸಿ ಬೆಳೆಯಿತು. ಅದರಲ್ಲೂ ಇದ್ದದ್ದು ಅದೇ ಹೆಸರು, ಮುಂದೊಂದು ಅಂಕಿ, ಹಳೆಯ ಡಿಸ್ಕ್‌ಗಳು ಓಡುವ ಅನುಕೂಲ.

ವಿರೋಧ: ಸರಿಗಟ್ಟುವುದಿಲ್ಲ

ಹತ್ತು ಕೋಟಿ ದಾಟಿದ ಯಂತ್ರಗಳು ಇಲ್ಲಿಯವರೆಗೆ ಏಳು: ಗೇಮ್ ಬಾಯ್, ಪ್ಲೇಸ್ಟೇಷನ್, ಪಿಎಸ್2, ಡಿಎಸ್, ವೀ, ಪಿಎಸ್4 ಮತ್ತು ಸ್ವಿಚ್. ಇವುಗಳ ಉತ್ತರಾಧಿಕಾರಿಗಳಲ್ಲಿ ಐದರ ಹಣೆಬರಹ ಈಗಾಗಲೇ ತೀರ್ಮಾನವಾಗಿದೆ. ಗೇಮ್ ಬಾಯ್‌ನ 11 ಕೋಟಿ 86 ಲಕ್ಷದ ಮುಂದೆ ಗೇಮ್ ಬಾಯ್ ಅಡ್ವಾನ್ಸ್ 8 ಕೋಟಿ 15 ಲಕ್ಷ. ಪಿಎಸ್2ರ 16 ಕೋಟಿಯ ಮುಂದೆ ಪಿಎಸ್3 ಎಂಟು ಮುಕ್ಕಾಲು ಕೋಟಿಯ ಆಸುಪಾಸು. ಡಿಎಸ್‌ನ ಅರ್ಧಕ್ಕೂ ತುಸು ಕಡಿಮೆ 3ಡಿಎಸ್. ವೀ ಯು ಸಂಗತಿ ಮೇಲೆ ಬಂದಿದೆ. ಗೆದ್ದದ್ದು ಪಿಎಸ್2 ಒಂದೇ. ಪಿಎಸ್5 ಐದು ವರ್ಷ ಕಳೆದು 9 ಕೋಟಿ ದಾಟಿದ್ದರೂ ಪಿಎಸ್4ರ 11 ಕೋಟಿ 70 ಲಕ್ಷಕ್ಕೆ ಇನ್ನೂ ದೂರವಿದೆ. ಪ್ರತಿ ಸೋಲಿಗೂ ಬೇರೆ ಬೇರೆ ಕಾರಣ ಕೊಡಬಹುದು, ಸರಿ. ಐದರಲ್ಲಿ ನಾಲ್ಕು ಸಲ ಒಂದಲ್ಲ ಒಂದು ಕಾರಣ ಒದಗಿ ಬಂದಿದೆಯೆಂದರೆ ಕಾರಣಗಳಿಗೆ ಬರವಿಲ್ಲ ಎಂದಷ್ಟೇ ಅರ್ಥ.

ಆದರೆ ಹಳೆಯ ಯಂತ್ರಗಳ ಜಾತಕ ನೋಡಿ ಸ್ವಿಚ್ 2ರ ಆಯುಷ್ಯ ಹೇಳುವುದು ನನಗೂ ಅಷ್ಟು ಹಿಡಿಸುವುದಿಲ್ಲ. ನಿಜವಾದ ಉತ್ತರ ಹಳೆಯ ಸ್ವಿಚ್ ಮಾರಾಟವಾದ ರೀತಿಯಲ್ಲೇ ಇದೆ.

ಆರಂಭದ ಮೂರು ವರ್ಷಗಳಲ್ಲಿ, 2020ರ ಮಾರ್ಚ್ ಕೊನೆಯವರೆಗೆ, ಸ್ವಿಚ್ ಮಾರಾಟವಾದದ್ದು 5 ಕೋಟಿ 57 ಲಕ್ಷ. ಮಿಕ್ಕ ಸುಮಾರು ಹತ್ತು ಕೋಟಿ ಬಂದದ್ದು ಆಮೇಲೆ. ಯಂತ್ರಕ್ಕೆ ನಾಲ್ಕನೆಯ ವರ್ಷ ನಡೆಯುವಾಗ, ಬೇರೆ ಕನ್ಸೋಲ್‌ಗಳು ಇಳಿಮುಖವಾಗುವ ಹೊತ್ತಿನಲ್ಲಿ, ಒಂದೇ ಆರ್ಥಿಕ ವರ್ಷಕ್ಕೆ 2 ಕೋಟಿ 88 ಲಕ್ಷ ಹೋದವು. ಮರುವರ್ಷ 2 ಕೋಟಿ 30 ಲಕ್ಷ. ಎರಡು ವರ್ಷಕ್ಕೆ ಐದು ಕೋಟಿ ಮೀರಿತು. ಅದು ಯಾವ ಕಾಲವೆಂದು ಯಾರಿಗೂ ನೆನಪಿಸಬೇಕಾಗಿಲ್ಲ. ಜಗತ್ತು ಬಾಗಿಲು ಹಾಕಿಕೊಂಡು ಕುಳಿತ ಮಾರ್ಚ್ 2020ರಲ್ಲೇ, 20ನೇ ತಾರೀಖು, ಅನಿಮಲ್ ಕ್ರಾಸಿಂಗ್ ಆಟದ ಹೊಸ ಕಂತು ಬಿಡುಗಡೆಯಾಯಿತು. ಮನೆಯಿಂದ ಹೊರಬರಲಾಗದವರು ಆಟದೊಳಗಿನ ದ್ವೀಪದಲ್ಲಿ ತೋಟ ಮಾಡಿಕೊಂಡು, ಗೆಳೆಯರನ್ನು ಅಲ್ಲಿಗೇ ಕರೆದುಕೊಂಡು ಕಾಲ ಕಳೆದರು.

ಆ ಆಟದಲ್ಲಿ ಒಂದು ಸಣ್ಣ ಕಟ್ಟುಪಾಡಿತ್ತು: ಒಂದು ಯಂತ್ರಕ್ಕೆ ಒಂದೇ ದ್ವೀಪ. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಇಬ್ಬರೂ ಒಂದೇ ದ್ವೀಪ ಹಂಚಿಕೊಳ್ಳಬೇಕು. ಮೊದಲು ಆಟ ತೆರೆದವನ ಮಾತೇ ಅಲ್ಲಿ ನಡೆಯುವುದು. ಊರಿಗೆ ಹೊಸ ಕಟ್ಟಡ, ಸೇತುವೆ ಎಲ್ಲಿ ಬರಬೇಕೆಂದು ಅವನೇ ತೀರ್ಮಾನಿಸುತ್ತಾನೆ. ಎರಡನೆಯವಳು ಅಲ್ಲಿ ಒಕ್ಕಲು ಇದ್ದಂತೆ. ಆಟ ಇನ್ನೊಂದು ಕೊಂಡರೂ ಪ್ರಯೋಜನವಿಲ್ಲ. ಜಗಳ ತಪ್ಪಿಸಲು ಇದ್ದ ದಾರಿ ಎರಡನೆಯ ಸ್ವಿಚ್. ಅದಕ್ಕೆ ಸರಿಯಾಗಿ 2019ರ ಸೆಪ್ಟೆಂಬರ್‌ನಿಂದ 200 ಡಾಲರ್‌ಗೆ ಸ್ವಿಚ್ ಲೈಟ್ ಎಂಬ ಅಗ್ಗದ ಮಾದರಿ ಸಿಗುತ್ತಿತ್ತು. ಪರ ವಾದಿಗಳು ಹೆಮ್ಮೆಯಿಂದ ಹೇಳುವ ಹತ್ತು ಕೋಟಿ ಆಟಗಾರರ ಲೆಕ್ಕವನ್ನು ಹದಿನೈದೂವರೆ ಕೋಟಿ ಯಂತ್ರಗಳ ಪಕ್ಕದಲ್ಲಿಟ್ಟು ನೋಡಿ. ಕೆಲವು ಯಂತ್ರ ಕೆಟ್ಟು ಮೂಲೆ ಸೇರಿರಬಹುದು, ಕೆಲವರು ಆಟ ಬಿಟ್ಟಿರಬಹುದು. ಆದರೂ ಒಂದೇ ಮನೆಗೆ ಎರಡು ಮೂರು ಯಂತ್ರ ಹೋಗದೆ ಈ ಲೆಕ್ಕ ಹೊಂದುವುದಿಲ್ಲ.

ಆ ಎರಡನೆಯ ಯಂತ್ರ ಇನ್ನು ಬರಬೇಕಾದದ್ದು ಯಾವ ಬೆಲೆಗೆ? ಸ್ವಿಚ್ 2 ಅಮೆರಿಕದಲ್ಲಿ ಬಂದದ್ದು 450 ಡಾಲರ್‌ಗೆ, ಹಳೆಯದು ಬಂದಾಗ ಇದ್ದದ್ದು 300. ಮಾರಿಯೊ ಕಾರ್ಟ್ ವರ್ಲ್ಡ್ ಎಂಬ ಒಂದು ಆಟಕ್ಕೇ 80 ಡಾಲರ್. ಜಪಾನಿನಲ್ಲಿ ಜಪಾನಿ ಭಾಷೆಯಷ್ಟೇ ಇರುವ ಮಾದರಿಯನ್ನು 49,980 ಯೆನ್‌ಗೆ ಕೊಟ್ಟು, ಎಲ್ಲ ಭಾಷೆಗಳದ್ದನ್ನು 69,980ಕ್ಕೆ ಇಟ್ಟರು. ಸ್ವದೇಶದ ಗಿರಾಕಿಗೆ ಹೀಗೆ ಪ್ರತ್ಯೇಕ ಬೆಲೆ ಮಾಡಿಕೊಡಬೇಕಾಯಿತು ಎಂಬುದೇ ಉಳಿದ ಬೆಲೆ ಎಷ್ಟು ಭಾರವೆಂದು ಹೇಳುತ್ತದೆ. ಹಿಂದೆಲ್ಲ ಕನ್ಸೋಲ್ ಹಳತಾದಂತೆ ಅಗ್ಗವಾಗುತ್ತಿತ್ತು. ಈಗ ತಿರುಗುಮುರುಗು. 2025ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಎಂಟು ವರ್ಷ ಹಳೆಯ ಸ್ವಿಚ್‌ನ ಬೆಲೆ 340 ಡಾಲರ್‌ಗೆ ಏರಿತು. ಅದೇ ತಿಂಗಳು ಪಿಎಸ್5 ಕೂಡ ತುಟ್ಟಿಯಾಯಿತು. ಕೃತಕ ಬುದ್ಧಿಮತ್ತೆಯ ಡೇಟಾ ಕೇಂದ್ರಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದರಿಂದ ವರ್ಷದ ಕೊನೆಗೆ ಅವುಗಳ ದರವೂ ಗಗನಕ್ಕೇರಿತು. ಇಂಥ ದಿನಗಳಲ್ಲಿ 250 ಡಾಲರ್‌ನ ಸ್ವಿಚ್ 2 ಲೈಟ್ ಒಂದನ್ನು ಕಲ್ಪಿಸಿಕೊಳ್ಳುವುದು ಕಷ್ಟ.

ಪಿಎಸ್2ರ ಉದಾಹರಣೆಯೂ ಪರ ವಾದಕ್ಕೆ ತಿರುಗುಬಾಣವೇ. ಮೊದಲನೆಯದಾಗಿ ಅದು ಡಿವಿಡಿ ಪ್ಲೇಯರ್ ಕೂಡ ಆಗಿತ್ತು. ಆಟ ಆಡದ ಮನೆಯವರೂ ಸಿನಿಮಾ ನೋಡಲೆಂದು ಕೊಂಡರು. ಎರಡನೆಯದಾಗಿ, 300 ಡಾಲರ್‌ನಿಂದ ಹಂತಹಂತವಾಗಿ ಇಳಿದು 2009ರಲ್ಲಿ 99 ಡಾಲರ್ ಆಯಿತು. ಪಿಎಸ್3 ಬಂದು ಎರಡು ವರ್ಷ ದಾಟಿದ್ದರೂ ಸೋನಿ ಅದನ್ನು ಮಾರುತ್ತಲೇ ಇತ್ತು. ಹಾಗೆ ಇಳಿದ ಬೆಲೆಯಲ್ಲಿ ಅದು ಭಾರತದಂಥ ದೇಶಗಳನ್ನು ತಲುಪಿತು. 2009ರಲ್ಲಿ ಹೈದರಾಬಾದಿನ ಕಂಪನಿಯೊಂದು ಹನುಮಂತನ ಕಥೆಯ ಆಟವನ್ನು ಪಿಎಸ್2ಗಾಗಿಯೇ ತಯಾರಿಸಿತು. ಆಗ ನಮ್ಮಲ್ಲಿ ಕೊಳ್ಳುವವರಿದ್ದದ್ದು ಆ ಯಂತ್ರಕ್ಕೆ. ನಿಂಟೆಂಡೊಗೆ ಇಂಥ ಬಾಗಿಲು ಇಲ್ಲ. ಸ್ವಿಚ್ ಇಷ್ಟು ವರ್ಷ ಜಗತ್ತನ್ನು ಆಳಿದರೂ ಕಂಪನಿ ಭಾರತದಲ್ಲಿ ಅಧಿಕೃತವಾಗಿ ಅದನ್ನು ಮಾರಲಿಲ್ಲ. ಬೆಂಗಳೂರಿನಲ್ಲಿ ಬೇಕೆಂದವರು ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ನಂಥ ಜಾಗಗಳಲ್ಲಿ, ಹೊರದೇಶದಿಂದ ತರಿಸಿದ್ದಕ್ಕೆ ಅಂಗಡಿಯವನು ಹೇಳಿದ ಬೆಲೆ ತೆತ್ತು, ವಾರಂಟಿ ಕೇಳದೆ ತಂದುಕೊಂಡರು.

ಆರಂಭದ ವೇಗವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ವೇಗ ಯಾರದೆಂದು ನೋಡಬೇಕು. 2025ರ ಸೆಪ್ಟೆಂಬರ್ ಕೊನೆಗೆ ಒಂದು ಕೋಟಿ ಮೂರು ಲಕ್ಷ ಯಂತ್ರಗಳು ಹೋಗಿದ್ದರೆ, ಮಾರಿಯೊ ಕಾರ್ಟ್ ವರ್ಲ್ಡ್ 95 ಲಕ್ಷ ಹೋಗಿತ್ತು. ಯಂತ್ರದ ಜೊತೆಗೇ ಆಟವನ್ನೂ ಕಟ್ಟಿ ಮಾರಿದ್ದರಿಂದ ಹೀಗಾಯಿತು ಎಂಬುದು ನಿಜ. ಆದರೆ ಬಂದವರು ಮೊದಲ ದಿನವೇ ಕೊಳ್ಳಲು ಕಾದಿದ್ದ ಅಭಿಮಾನಿಗಳು. 2017ರಲ್ಲಿ ಇವರಲ್ಲಿ ಅನೇಕರಿಗೆ ಅಂಗಡಿಯಲ್ಲಿ ಯಂತ್ರವೇ ಸಿಗುತ್ತಿರಲಿಲ್ಲ. ಈ ಸಲ ಕಂಪನಿ ಮುಂಚೆಯೇ ರಾಶಿ ಹಾಕಿಟ್ಟಿತ್ತು. ಇನ್ನು ಕಾದು ಕೊಳ್ಳುವವರನ್ನು ಅವಸರಪಡಿಸುವ ಕೆಲಸವೂ ಅಷ್ಟಾಗಿ ನಡೆದಿಲ್ಲ. 2025ರ ಕೊನೆಯಲ್ಲಿ ಬಂದ ಹೊಸ ಪೋಕೆಮಾನ್ ಆಟ, ಮೆಟ್ರಾಯ್ಡ್ ಪ್ರೈಮ್ 4 ಎರಡೂ ಹಳೆಯ ಸ್ವಿಚ್‌ನಲ್ಲೂ ಆಡಲು ಸಿಗುತ್ತವೆ. ಕೈಯಲ್ಲಿರುವ ಯಂತ್ರದಲ್ಲೇ ಆಟ ನಡೆಯುವಾಗ 450 ಡಾಲರ್ ಯಾಕೆ ಬಿಚ್ಚಬೇಕು?

ಜಪಾನಿನ ಜನಸಂಖ್ಯೆಯ ಮಾತೂ ಇದೆ. 2016ರಲ್ಲಿ ಅಲ್ಲಿ 9 ಲಕ್ಷ 76 ಸಾವಿರ ಮಕ್ಕಳು ಹುಟ್ಟಿದ್ದವು, 2024ರಲ್ಲಿ 6 ಲಕ್ಷ 86 ಸಾವಿರ. ದೊಡ್ಡವರೂ ಆಡುತ್ತಾರೆ ನಿಜ, ಆದರೆ ಪೋಕೆಮಾನ್ ಚಟ ಹಿಡಿಯುವುದು ಎಳವೆಯಲ್ಲಿ.

ನನ್ನ ಅಂದಾಜು 11ರಿಂದ 12 ಕೋಟಿ. ಅಷ್ಟಾದರೂ ಸ್ವಿಚ್ 2 ಸೋತ ಯಂತ್ರವೆನಿಸುವುದಿಲ್ಲ. 300 ಡಾಲರ್‌ನಂತೆ ಹದಿನೈದೂವರೆ ಕೋಟಿ ಯಂತ್ರಗಳ ಹಣ 4,650 ಕೋಟಿ ಡಾಲರ್. 450ರಂತೆ 11 ಕೋಟಿ ಯಂತ್ರಗಳದ್ದು 4,950 ಕೋಟಿ. ಅಗ್ಗದ ಲೈಟ್‌ಗಳನ್ನು ಲೆಕ್ಕಕ್ಕೆ ಸೇರಿಸಿದರೆ ಅಂತರ ಇನ್ನೂ ಹೆಚ್ಚು. ಕಡಿಮೆ ಮಾರಿ ಹೆಚ್ಚು ಗಳಿಸುವ ದಾರಿ ಎದುರಿಗಿರುವಾಗ, ದಾಖಲೆಗಾಗಿ ಬೆಲೆ ಇಳಿಸುವ ಗರಜು ನಿಂಟೆಂಡೊಗೆ ಕಾಣುವುದಿಲ್ಲ. ಬೆಲೆ ಇಳಿಯದೆ ಆ ಕೊನೆಯ ನಾಲ್ಕು ಕೋಟಿ ಬರುವುದೂ ಇಲ್ಲ.