ಗಾಂಜಾ ಕಾನೂನಿನಲ್ಲಿ ರೋಗಿ ಎಲ್ಲಿದ್ದಾನೆ?

ನಮ್ಮದು ಸಕಲೇಶಪುರ ತಾಲ್ಲೂಕು. ಕೆಲಸಕ್ಕೆಂದು ಬಂದು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದೇನೆ. ಊರಿನ ಸುದ್ದಿಯನ್ನು ಮಾತ್ರ ಬಿಡದೆ ಓದುತ್ತೇನೆ. ಹಾಸನ, ಚಿಕ್ಕಮಗಳೂರು ಜಿಲ್ಲೆಯ ಪುಟಗಳಲ್ಲಿ ಆಗಾಗ ಒಂದೇ ಥರದ ಸುದ್ದಿ ಕಾಣುತ್ತದೆ: ಶುಂಠಿ ಹೊಲದ ನಡುವೆಯೋ ಕಾಫಿ ತೋಟದ ಅಂಚಿನಲ್ಲೋ ಬೆಳೆದಿದ್ದ ಹಸಿ ಗಾಂಜಾ ವಶ, ಒಬ್ಬನ ಬಂಧನ. ಫೋಟೋದಲ್ಲಿ ಬೇರು ಸಮೇತ ಕಿತ್ತ ಗಿಡಗಳು, ಹಿಂದೆ ಪೊಲೀಸರು, ನಡುವೆ ತಲೆ ತಗ್ಗಿಸಿ ನಿಂತ ಮನುಷ್ಯ. ಕಾಲೇಜು ಹುಡುಗರಿಗೆ ಗಾಂಜಾ ಮಾರುವವರನ್ನು ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾಗೆ ತಲೆ ತಗ್ಗಿಸಿ ನಿಂತವನು ಕಾಯಿಲೆಯವನಾಗಿದ್ದರೆ? ಅದನ್ನು ಹೇಳಿಕೊಳ್ಳೋಕೆ ನಮ್ಮ ಕಾನೂನು ಅವನಿಗೆ ಎಲ್ಲಿ ಜಾಗ ಕೊಟ್ಟಿದೆ?

ಇದು ನನ್ನನ್ನು ಕಾಡೋಕೆ ಶುರುವಾಗಿದ್ದು ಊರಿಂದ ಬಂದ ಒಂದು ಫೋನಿನಿಂದ. ಸಂಬಂಧದ ಹುಡುಗ. ಅವನ ತಂದೆಗೆ ಕ್ಯಾನ್ಸರ್, ಕಿಮೋ ನಡೆಯುತ್ತಿತ್ತು. "ಅಣ್ಣ, ಅಪ್ಪಂಗೆ ಗಂಜೀನೂ ನಿಲ್ತಾ ಇಲ್ಲ, ಎಲ್ಲಾ ವಾಂತಿ. ಅಲ್ಲಿ ಅಂಗಡೀಲೇ ಗಾಂಜಾ ಎಣ್ಣೆ ಸಿಗುತ್ತಂತಲ್ಲ, ಬರುವಾಗ ಒಂದು ಬಾಟ್ಲು ತರ್ತೀರಾ?" ಅಂದ. ಆಗಲ್ಲಪ್ಪ ಅಂದೆ. ಇಲ್ಲಿ ರಾಜ್ಯದ ಕಾನೂನು ಒಪ್ಪಿದರೂ ಅಮೆರಿಕದ ಕೇಂದ್ರ ಕಾನೂನಿಗೆ ಗಾಂಜಾ ಇನ್ನೂ ಅಪರಾಧವೇ, ದೇಶದ ಗಡಿ ದಾಟಿಸುವ ಹಾಗಿಲ್ಲ. ದಾಟಿಸಿದರೂ ಬೆಂಗಳೂರಿನಲ್ಲಿ ಇಳಿದ ಕೂಡಲೇ ನಮ್ಮ ಮಾದಕ ವಸ್ತು ತಡೆ ಕಾನೂನಾದ ಎನ್‌ಡಿಪಿಎಸ್ ಕಾಯ್ದೆಯ ಸೆಕ್ಷನ್ 23 ಕಾದಿರುತ್ತದೆ. ಹುಡುಗ ಏನೂ ಮಾತಾಡದೆ ಫೋನ್ ಇಟ್ಟ.

ಅವನು ಕೇಳಿದ್ದರಲ್ಲಿ ತಪ್ಪೇನಿತ್ತು? ಗಾಂಜಾ ಕ್ಯಾನ್ಸರನ್ನು ವಾಸಿ ಮಾಡುತ್ತದೆ ಅನ್ನುವುದು ಸುಳ್ಳು, ಅದನ್ನು ನಂಬಬೇಡಿ. ಆದರೆ ಕಿಮೋ ವಾಂತಿಗೆ ಡ್ರೊನಾಬಿನಾಲ್ ಮಾತ್ರೆಗೆ ಅಮೆರಿಕದ ಔಷಧ ಇಲಾಖೆ 1985ರಲ್ಲೇ ಒಪ್ಪಿಗೆ ಕೊಟ್ಟಿದೆ. ಅದು ಗಾಂಜಾದ ಮುಖ್ಯ ಅಂಶವಾದ ಟಿಎಚ್‌ಸಿಯನ್ನೇ ಪ್ರಯೋಗಾಲಯದಲ್ಲಿ ತಯಾರಿಸಿ ಮಾಡಿದ ಮಾತ್ರೆ. ನಮ್ಮ ಎನ್‌ಡಿಪಿಎಸ್ ಕಾಯ್ದೆ ಬಂದಿದ್ದೂ ಅದೇ 1985ರಲ್ಲಿ. 2018ರಲ್ಲಿ ಮಕ್ಕಳಿಗೆ ಬರುವ ಎರಡು ಬಗೆಯ ಕಠಿಣ ಮೂರ್ಛೆರೋಗಕ್ಕೆ ಇದೇ ಗಿಡದಿಂದ ತೆಗೆದ ಔಷಧಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬರಲು ಒಪ್ಪಿಗೆ ಪಡೆಯಿತು.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ವಯಸ್ಸಾದ ಹೆಂಗಸಿದ್ದಾರೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರದ ಕಾಯಿಲೆ. ರಾತ್ರಿಯಾದರೆ ಕಾಲಿನ ಮಾಂಸಖಂಡ ಮರಗಟ್ಟಿದ ಹಾಗೆ ಬಿಗಿಯುತ್ತದೆ. ಅವರ ಹತ್ತಿರ ಕಂದು ಬಣ್ಣದ ಒಂದು ಸಣ್ಣ ಬಾಟಲಿ ಇದೆ. ಟಿಎಚ್‌ಸಿ ಎಷ್ಟು ಮಿಲಿಗ್ರಾಂ, ಗಾಂಜಾದ ಇನ್ನೊಂದು ಅಂಶವಾದ ಸಿಬಿಡಿ ಎಷ್ಟು, ಬ್ಯಾಚ್ ನಂಬರ್ ಯಾವುದು, ಎಲ್ಲ ಲೇಬಲ್ ಮೇಲಿದೆ. ಡ್ರಾಪರ್‌ನಲ್ಲಿ ಗೆರೆಯವರೆಗೆ ಎಳೆದು ನಾಲಿಗೆ ಅಡಿಗೆ ಬಿಟ್ಟುಕೊಳ್ಳುತ್ತಾರೆ. ಆಮೇಲೆ ಗಂಟೆ ಎಷ್ಟು, ಹನಿ ಎಷ್ಟು ಅಂತ ಪುಸ್ತಕದಲ್ಲಿ ಬರೆದಿಡುತ್ತಾರೆ. ಅಮಲಿನ ಮಾತೇ ಅಲ್ಲಿಲ್ಲ. ಬಿಪಿ ಮಾತ್ರೆ ತಗೊಳ್ಳುವ ನಮ್ಮೂರ ಅಜ್ಜಿಗಿರುವಷ್ಟೇ ಶಿಸ್ತು.

ಕ್ಯಾಲಿಫೋರ್ನಿಯಾಗೆ ಇದು ಸುಲಭವಾಗಿ ಬರಲಿಲ್ಲ. 1996ರಲ್ಲಿ ಜನ ಮತ ಹಾಕಿ, ವೈದ್ಯರು ಶಿಫಾರಸು ಮಾಡಿದರೆ ರೋಗಿ ಗಾಂಜಾ ಇಟ್ಟುಕೊಳ್ಳಬಹುದು, ಬೆಳೆಯಬಹುದು ಅಂತ ಕಾನೂನು ಮಾಡಿದರು. ಆದರೂ ಕೇಸುಗಳು ಬೀಳುತ್ತಲೇ ಇದ್ದವು. ಮೈರನ್ ಮೋವರ್ ಅನ್ನುವವರು ಸಕ್ಕರೆ ಕಾಯಿಲೆಯಿಂದ ಕಣ್ಣು ಕಳೆದುಕೊಂಡವರು. 31 ಗಿಡ ಬೆಳೆದಿದ್ದಕ್ಕೆ ಅವರಿಗೆ ಶಿಕ್ಷೆಯಾಯಿತು. 2002ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ ಎರಡು ಮುಖ್ಯ ಮಾತು ಹೇಳಿತು. ರೋಗಿ ವಿಚಾರಣೆ ಶುರುವಾಗುವ ಮೊದಲೇ ಕೇಸು ಕೈಬಿಡಿ ಅಂತ ಕೇಳಬಹುದು. ಮತ್ತೆ, ತಾನು ರೋಗಿ ಅಂತ ಅವನು ಸಂಶಯಕ್ಕೆ ಎಡೆಯಿಲ್ಲದ ಹಾಗೆ ಸಾಬೀತು ಮಾಡಬೇಕಿಲ್ಲ, ಅಪರಾಧದ ಬಗ್ಗೆ ನ್ಯಾಯವಾದ ಅನುಮಾನ ಎಬ್ಬಿಸಿದರೆ ಸಾಕು. ಇಲ್ಲಿನ ಗಾಂಜಾ ಅಂಗಡಿಗಳನ್ನು ನೋಡಿ ಊರಿನವರು ಬೆರಗಾಗುತ್ತಾರೆ. ನನ್ನ ಮಟ್ಟಿಗೆ ಅಂಗಡಿಗಿಂತ ದೊಡ್ಡದು ಈ ತೀರ್ಪು.

ನಮ್ಮಲ್ಲಿ ಹೇಗಿದೆ ನೋಡಿ. ಎನ್‌ಡಿಪಿಎಸ್ ಸೆಕ್ಷನ್ 35ರ ಪ್ರಕಾರ ಆರೋಪಿಗೆ ಅಪರಾಧದ ಮನಸ್ಸು ಇತ್ತು ಅಂತಲೇ ಕೋರ್ಟ್ ಮೊದಲು ಅಂದುಕೊಳ್ಳುತ್ತದೆ. ಇರಲಿಲ್ಲ ಅಂತ ಅವನೇ ಸಾಬೀತು ಮಾಡಬೇಕು, ಅದೂ ಸಂಶಯಕ್ಕೆ ಎಡೆಯಿಲ್ಲದ ಹಾಗೆ. ಒಂದು ಕೆ.ಜಿ. ಒಳಗಿನ ಗಾಂಜಾ ಇಟ್ಟುಕೊಂಡರೆ ಒಂದು ವರ್ಷದವರೆಗೆ ಸಜೆ. ಗಿಡ ಬೆಳೆದರೆ ಆ ಲೆಕ್ಕವೂ ಇಲ್ಲ. ಕುಂಡದಲ್ಲಿ ಒಂದೇ ಗಿಡ ಇದ್ದರೂ ಹತ್ತು ವರ್ಷದವರೆಗೆ ಕಠಿಣ ಸಜೆ ಕೊಡಬಹುದು. ತೂಕದ್ದು ಇನ್ನೊಂದು ತಕರಾರು. ಕಾಯ್ದೆಯಲ್ಲಿ ಗಾಂಜಾ ಅಂದರೆ ಹೂ ಅಥವಾ ಕಾಯಿ ಬಿಟ್ಟ ತುದಿ ಮಾತ್ರ. ಮಹಜರು ಬರೆಯುವಾಗ ಬೇರು, ಕಾಂಡ, ಎಲೆ ಎಲ್ಲ ಸೇರಿಸಿ ತೂಗಿದರೆ ಅಂಕಿ ಏರುತ್ತದೆ. ಅದು 20 ಕೆ.ಜಿ. ದಾಟಿತೋ, ಜಾಮೀನು ಸಿಗುವುದೇ ಕಷ್ಟ.

ಇದೇ ಕಾಯ್ದೆ ಚಟಕ್ಕೆ ಬಿದ್ದವನಿಗೆ ಒಂದು ದಾರಿ ಇಟ್ಟಿದೆ. ಅವನು ತಾನಾಗಿ ಬಂದು ಚಿಕಿತ್ಸೆ ಪಡೆಯುತ್ತೇನೆ ಅಂದರೆ ಸೆಕ್ಷನ್ 64ಎ ಸಣ್ಣ ಪ್ರಮಾಣದ ಕೇಸಿನಿಂದ ಅವನನ್ನು ಕಾಪಾಡುತ್ತದೆ. ಒಳ್ಳೆಯದು, ಅದು ಇರಬೇಕು. ಆದರೆ ಚಟವಿಲ್ಲದೆ, ನೋವು ತಡೆಯಲಾರದೆ ಎರಡು ಹನಿ ತಗೊಂಡವನಿಗೆ ಅಂಥ ಒಂದು ಸಾಲೂ ಇಲ್ಲ. ಇದು ನನಗೆ ನಿಜಕ್ಕೂ ಅನ್ಯಾಯ ಅನಿಸುತ್ತದೆ.

ಹಾಗಂತ ಕ್ಯಾಲಿಫೋರ್ನಿಯಾದ್ದನ್ನೇ ತಂದು ಹಾಸನದಲ್ಲಿ ನೆಡಿ ಅಂತ ನಾನು ಹೇಳಲ್ಲ. ಇಲ್ಲೂ ಹುಳುಕಿದೆ. ಡಯಾನ್ ಮಾನ್ಸನ್ ಅನ್ನುವ ಬೆನ್ನುನೋವಿನ ರೋಗಿಯ ಮನೆಗೆ 2002ರಲ್ಲಿ ಸ್ಥಳೀಯ ಪೊಲೀಸರೂ ಕೇಂದ್ರದ ಅಧಿಕಾರಿಗಳೂ ಬಂದರು. ರಾಜ್ಯದ ಕಾನೂನಿನಂತೆ ಸರಿಯಾಗಿದೆ ಅಂತ ಸ್ಥಳೀಯರು ಒಪ್ಪಿದರು. ಕೇಂದ್ರದವರು ಮಾತ್ರ ಆರೂ ಗಿಡ ನಾಶ ಮಾಡಿಯೇ ಹೋದರು. 2005ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೂಡ 6-3ರಲ್ಲಿ ಕೇಂದ್ರದ ಪರವೇ ನಿಂತಿತು. ಗಾಂಜಾ ರೋಗಿಯನ್ನು ಕಂಪನಿ ಕೆಲಸದಿಂದ ತೆಗೆಯಬಹುದು ಅಂತ 2008ರಲ್ಲಿ ಕ್ಯಾಲಿಫೋರ್ನಿಯಾ ಕೋರ್ಟೇ ಹೇಳಿತ್ತು; ಕೆಲಸದ ಹೊರಗಿನ ಬಳಕೆಗೆ ರಕ್ಷಣೆ ಕೊಡುವ ಕಾನೂನು ಜಾರಿಗೆ ಬಂದಿದ್ದು 2024ರಲ್ಲಿ. ನಮ್ಮಂಥ ವೀಸಾದವರ ಪಾಡಂತೂ ಬೇರೆ. ರಾಜ್ಯದಲ್ಲಿ ಎಲ್ಲ ಕಾನೂನಿನ ಪ್ರಕಾರ ನಡೆದಿದ್ದರೂ ಗಾಂಜಾ ಬಳಕೆ ಪೌರತ್ವಕ್ಕೆ ಅಡ್ಡಿಯಾಗಬಹುದು ಅಂತ ವಲಸೆ ಇಲಾಖೆ 2019ರಲ್ಲಿ ಸ್ಪಷ್ಟವಾಗಿ ಬರೆಯಿತು. ಇಲ್ಲಿರುವ ನಮ್ಮ ಕನ್ನಡದ ಹುಡುಗರು ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು.

ಈ ರಾಜ್ಯ-ಕೇಂದ್ರದ ಜಗಳ ನಮಗೆ ಬೇಕಾಗಿಯೇ ಇಲ್ಲ ಅನ್ನುವುದು ನನ್ನ ವಾದ. ಯಾಕೆಂದರೆ ನಮ್ಮ ಕೇಂದ್ರ ಕಾಯ್ದೆಯೇ ಬಾಗಿಲು ಇಟ್ಟಿದೆ. ಸೆಕ್ಷನ್ 8 ವೈದ್ಯಕೀಯ ಮತ್ತು ವೈಜ್ಞಾನಿಕ ಬಳಕೆಯನ್ನು ನಿಷೇಧದಿಂದ ಹೊರಗಿಡುತ್ತದೆ, ನಿಯಮದ ಪ್ರಕಾರ ನಡೆದರೆ ಮಾತ್ರ. ಆ ನಿಯಮ ಬರೆಯುವ ಅಧಿಕಾರವನ್ನು ಸೆಕ್ಷನ್ 10 ರಾಜ್ಯ ಸರ್ಕಾರಕ್ಕೇ ಕೊಟ್ಟಿದೆ. ಚರಸ್ (ಗಿಡದಿಂದ ತೆಗೆದ ಅಂಟು) ಬಿಟ್ಟು ಗಾಂಜಾ ಬೆಳೆಯುವುದು, ಇಟ್ಟುಕೊಳ್ಳುವುದು, ಬಳಸುವುದು ಎಲ್ಲ ಅದರಲ್ಲಿ ಬರುತ್ತದೆ. ಉತ್ತರಾಖಂಡದವರು ನಾರಿಗಾಗಿ ಬೆಳೆಯುವ, ಅಮಲು ಕಡಿಮೆಯ ಗಾಂಜಾ ಗಿಡಕ್ಕೆ (ಹೆಂಪ್) 2018ರಲ್ಲೇ ಲೈಸೆನ್ಸ್ ಕೊಟ್ಟರು. ನಾರಿಗೆ ಆಗುವುದು ನೋವಿಗೆ ಯಾಕಾಗಬಾರದು? ಮಾರ್ಫಿನ್ ವಿಷಯದಲ್ಲಿ ನಾವೇ ಇದನ್ನು ಮಾಡಿ ತೋರಿಸಿದ್ದೇವೆ. ಮೊದಲು ಆಸ್ಪತ್ರೆಗಳು ಲೈಸೆನ್ಸಿನ ಮೇಲೆ ಲೈಸೆನ್ಸ್ ತಗೋಬೇಕಿತ್ತು. 2014ರ ತಿದ್ದುಪಡಿಯಿಂದ ಅದು ಸರಳವಾಯಿತು. ಮಾರ್ಫಿನ್ ಗಾಂಜಾಕ್ಕಿಂತ ಎಷ್ಟೋ ಅಪಾಯಕಾರಿ, ಅಲ್ವಾ?

ಮನೆಯಲ್ಲಿ ಬೆಳೆಯೋಕೆ ಬಿಡಿ ಅಂತ ನಾನು ಕೇಳುತ್ತಿಲ್ಲ. ಹಾಸನದ ಹಿಮ್ಸ್, ಚಿಕ್ಕಮಗಳೂರಿನ ಮೆಡಿಕಲ್ ಕಾಲೇಜು, ಬೆಂಗಳೂರಿನ ಕಿದ್ವಾಯಿಯಂಥ ಸರ್ಕಾರಿ ಸಂಸ್ಥೆಗಳ ತಜ್ಞರು ಪರೀಕ್ಷಿಸಿ ಬರೆದುಕೊಡಲಿ. ಅಳತೆ ಮಾಡಿದ ಔಷಧಿ ಆಸ್ಪತ್ರೆಯ ಔಷಧಾಲಯದಲ್ಲೇ ಸಿಗಲಿ. ರೋಗಿಗೆ ಒಂದು ನೋಂದಣಿ ಸಂಖ್ಯೆ ಇರಲಿ, ಎಫ್‌ಐಆರ್ ಹಾಕುವ ಮೊದಲು ಪೊಲೀಸರು ಅದನ್ನು ನೋಡಲೇಬೇಕು ಅಂತ ನಿಯಮದಲ್ಲೇ ಬರೆಯಲಿ. ಮೂಡಿಗೆರೆಯ ರೋಗಿ ಕಿದ್ವಾಯಿಗೆ ಹೋಗಿ ಬರುವಾಗ ಎಷ್ಟು ಠಾಣೆಗಳ ಸರಹದ್ದು ದಾಟುತ್ತಾನೆ ಯೋಚಿಸಿ. ಹಾಗಾಗಿ ಆ ಸಂಖ್ಯೆ ಇಡೀ ರಾಜ್ಯದಲ್ಲಿ ನಡೆಯಬೇಕು.

ನಮ್ಮ ಎರಡೂ ಜಿಲ್ಲೆಯ ಶಾಸಕರು ಕಾಡಾನೆ ಬಗ್ಗೆ, ಕಾಫಿ ಬೆಲೆ ಬಗ್ಗೆ ಸದನದಲ್ಲಿ ಗಟ್ಟಿಯಾಗಿ ಕೇಳುತ್ತಾರೆ. ಈ ಸಲ ಇದನ್ನೂ ಕೇಳಲಿ: ಸೆಕ್ಷನ್ 10ರ ಕೆಳಗೆ ರೋಗಿಗಳಿಗೆಂದು ನಿಯಮ ಮಾಡುತ್ತೀರಾ, ಮಾಡಿದರೆ ಯಾವಾಗ? ಉತ್ತರವನ್ನು ಲಿಖಿತವಾಗಿಯೇ ಪಡೆಯಲಿ.