‘ಸೂನ್’ ಅಂದರೆ ಯಾವಾಗ ಸ್ವಾಮಿ?

ನಮ್ಮ ಮನೆ ಫ್ರಿಜ್ ಕೆಟ್ಟು ಇವತ್ತಿಗೆ ಒಂಬತ್ತು ದಿನ. ಈಗಷ್ಟೇ ಮೊಬೈಲಿಗೆ ಮೆಸೇಜ್ ಬಂತು. ಟೆಕ್ನಿಷಿಯನ್ ನಿಮಗೆ ‘ಸೂನ್’ ಫೋನ್ ಮಾಡ್ತಾರಂತೆ. ಇದು ನಾಲ್ಕನೇ ಸೂನ್. ನಮ್ಮ ಹಾಲು ಎದುರು ಮನೆಯವರ ಫ್ರಿಜ್ಜಿನಲ್ಲಿದೆ. ನನ್ನ ಮಾನವೂ ಅಲ್ಲೇ ಇದೆ.

ಇಪ್ಪತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವನಿಗೆ ಸಿಟ್ಟು ಬಂದರೆ ಏನು ಮಾಡ್ತಾನೆ ಅಂತ ನಿಮಗೆ ಗೊತ್ತೇ ಇದೆ. ನಿಘಂಟು ತೆಗೆದೆ. ಹಳೆಯ ಇಂಗ್ಲಿಷಿನಲ್ಲಿ ಈ ಪದ ‘ಸೋನ’. ಅರ್ಥ, ತಕ್ಷಣ. ಆಮೇಲೆ ಅಲ್ಲ, ನೋಡೋಣ ಅಲ್ಲ, ಈಗಿಂದೀಗಲೇ. ಸಾವಿರ ವರ್ಷದ ಹಿಂದೆ ಹುಟ್ಟಬೇಕಿತ್ತು ನಾನು. ಆಗ ಫ್ರಿಜ್ ಇರಲಿಲ್ಲ ಅನ್ನೋದು ಬೇರೆ ಮಾತು.

ಸೂನ್ ಒಂದೇ ಕೆಟ್ಟಿದ್ದರೆ ಸುಮ್ಮನಿರುತ್ತಿದ್ದೆ. ‘ಅನಾನ್’ ಅಂತೊಂದಿತ್ತು. ಅದೂ ಮೊದಲು ‘ಕೂಡಲೇ’, ಬರಬರುತ್ತಾ ‘ಇನ್ನು ಸ್ವಲ್ಪ ಹೊತ್ತಿಗೆ’. ‘ಪ್ರೆಸೆಂಟ್ಲಿ’ಯದೂ ಅದೇ ಹಣೆಬರಹ. ‘ಬೈ ಆಂಡ್ ಬೈ’ ಕತೆಯಂತೂ ಕೇಳಿ. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ, ಮಾರ್ಕನ ಸುವಾರ್ತೆಯಲ್ಲಿ, ಹೆರೋದ್ಯಳ ಮಗಳು ಸ್ನಾನಿಕ ಯೋಹಾನನ ತಲೆಯನ್ನು ತಟ್ಟೆಯಲ್ಲಿ ‘ಬೈ ಆಂಡ್ ಬೈ’ ಕೊಡಿ ಅಂತ ರಾಜನನ್ನು ಕೇಳುತ್ತಾಳೆ. ಪುರುಸೊತ್ತಾದಾಗ ಅಂತಲ್ಲ, ಈಗಲೇ ಅಂತ. ಆಗ ಆ ಮಾತಿಗೆ ಅದೇ ಅರ್ಥ. ರಾಜ ತಕ್ಷಣ ಆಳು ಕಳಿಸಿದ. ಘೋರವೇ, ಆದರೆ ಸರ್ವಿಸ್ ನೋಡಿ!

ಇವೆಲ್ಲ ಕೆಟ್ಟಿದ್ದು ಹೇಗೆ? ಜನ ‘ಈಗಲೇ’ ಅಂದರು, ಈಗಲೇ ಮಾಡಲಿಲ್ಲ. ಕಾದು ಕಾದು ಸುಸ್ತಾದವರು ಪದದ ಅರ್ಥವನ್ನೇ ಮುಂದೂಡಿದರು.

ಗೆಳೆಯನಿಗೆ ಫೋನ್ ಮಾಡಿ ಹೇಳಿಕೊಂಡೆ. “ಭಾಷೆ ಹರಿಯೋ ನೀರು ಕಣೋ, ಅರ್ಥ ಬದಲಾಗ್ತಾನೇ ಇರುತ್ತೆ” ಅಂದ. ಹೌದಪ್ಪಾ, ಹರಿಯಲಿ. ಮೊದಲ ದಿನ ನನ್ನ ಫ್ರೀಜರಿಂದಲೂ ನೀರು ಹರಿದಿತ್ತು, ಒರೆಸಿದ್ದು ನಾನು. ಇವನ ಫ್ರಿಜ್ ಚೆನ್ನಾಗಿದೆ, ಇವನಿಗೆ ಭಾಷಾಶಾಸ್ತ್ರ ಬರುತ್ತೆ.

ಕನ್ನಡದವರೇನು ಕಮ್ಮಿ ಅಲ್ಲ ಬಿಡಿ. ನಾವು ‘ಬರ್ತೀನಿ’ ಅನ್ನೋದೂ ಇಲ್ಲ. ‘ಬಂದೆ, ಬಂದೆ’ ಅಂತೀವಿ. ಭೂತಕಾಲ! ಬಾಯಲ್ಲಿ ಬಂದಾಗಿದೆ, ಕಾಲು ಇನ್ನೂ ಚಪ್ಪಲಿ ಹುಡುಕ್ತಿದೆ. ಊರಲ್ಲಿರೋ ಅಕ್ಕನಿಗೆ ನಾನೇ “ಇನ್ನೇನು ಬಂದೆ ಅಕ್ಕಾ” ಅಂದು ಎರಡು ದೀಪಾವಳಿ ಕಳೆಯಿತು. ಮೊದಲು ಯಾವ ಬಸ್ಸಿಗೆ ಅಂತ ಕೇಳುತ್ತಿದ್ದಳು. ಈಗ “ಹೂಂ, ಬಾ” ಅಂದು ಫೋನ್ ಇಡ್ತಾಳೆ.

ತಡೀರಿ, ಬೆಲ್ ಆಯ್ತು.

ಟೆಕ್ನಿಷಿಯನ್ ಅಲ್ಲ. ಎದುರು ಮನೆಯವರು, ಕೈಯಲ್ಲಿ ನಮ್ಮ ಹಾಲಿನ ಪಾತ್ರೆ. ನಾಳೆ ಅವರ ಮನೆಗೆ ನೆಂಟರು ಬರ್ತಾರಂತೆ, ಫ್ರಿಜ್ಜಿನಲ್ಲಿ ಜಾಗ ಇಲ್ಲವಂತೆ.